ಗಾಜಿನ ಮನೆಯ ಸಭೆಯೂ ಶ್ರೀ ನಿಜಲಿಂಗಪ್ಪನವರೂ

ಕತ್ರಿಗುಪ್ಪೆಯಿಂದ ಲಾಲ್‌ಬಾಗಿಗೆ ಒಂದು ಹರದಾರಿಗಿಂತ ಸ್ವಲ್ಪ ಹೆಚ್ಚು ದಾರಿ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ, ಗಾಜಿನ ಮನೆಯ ಸಮೀಪದಲ್ಲಿ ಒಂದು ಗಳಿಗೆ ಕುಳಿತು ಬರುವುದು ನನಗೆ ರೂಢಿಯಾಗಿದೆ. 1889ನೆಯ ಇಸವಿ ನವೆಂಬರ್ 30ರಂದು ಆಂಗ್ಲ ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಸ್ತಿಭಾರವಿಟ್ಟ ಆ ಕಟ್ಟಡವನ್ನು ಫಲಪುಷ್ಪ ಪ್ರದರ್ಶನದ ನಿಮಿತ್ತವಾಗಿ ನೋಡದ ಬೆಂಗಳೂರಿಗರು ಇಲ್ಲವೆಂದೇ ಹೇಳಬಹುದು. ಆದರೆ 1969ನೆಯ ಇಸವಿ ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಇದೇ ಗಾಜಿನ ಮನೆಯಲ್ಲಿ ಸಭೆ ಸೇರಿತೆಂಬುದನ್ನೂ, ಆ ನಾಲ್ಕಾರು ದಿನಗಳಲ್ಲಿ ಹುಟ್ಟಿದ ಬಿರುಕು ಇಂದಿಗೂ ನಮ್ಮ ರಾಜಕೀಯ ಜೀವನದಲ್ಲಿ ಉಳಿದಿದೆಯೆಂಬುದನ್ನೂ ಬಲ್ಲವರು ವಿರಳ.

ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬನು, ಈಗ ವಕೀಲನಾಗಿರುವವನು, ನನ್ನೊಡನೆ ಅಲ್ಲಿಗೆ ಬಂದಿದ್ದನು. ಮಾತಿನ ನಡುವೆ ಅವನು, “ಮೇಷ್ಟ್ರೇ, ನಿಜಲಿಂಗಪ್ಪನವರು ಕಡೆಗೆ ಸೋತವರಲ್ಲವೇ? ಸೋತವರಿಂದ ದೇಶಕ್ಕೆ ಉಳಿದದ್ದೇನು?” ಎಂದು ಕೇಳಿದನು. ಪ್ರಶ್ನೆ ಒರಟಾಗಿದ್ದರೂ ನ್ಯಾಯವಾದದ್ದು. ಆ ದಿನ ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಈ ಲೇಖನವು ಅವನಿಗೆ ಸಲ್ಲಬೇಕಾಗಿದ್ದ ಉತ್ತರ. ವಾಚಕ ಮಹಾಶಯರು ಇದನ್ನು ಪರಾಮರ್ಶಿಸಬೇಕೆಂದು ಪ್ರಾರ್ಥನೆ.

ಶ್ರೀ ಎಸ್. ನಿಜಲಿಂಗಪ್ಪನವರು 1902ನೆಯ ಇಸವಿ ಡಿಸೆಂಬರ್ 10ರಂದು, ಅಂದು ಮದ್ರಾಸ್ ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಲವಾಗಲು ಗ್ರಾಮದಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಪುಣೆಯ ಕಾನೂನು ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, ಚಿತ್ರದುರ್ಗದಲ್ಲಿ ವಕೀಲರಾದರು. 1939ರಲ್ಲಿ ತುರುವನೂರಿನಲ್ಲಿ ನಡೆದ ಈಚಲು ಮರ ಕಡಿಯುವ ಸತ್ಯಾಗ್ರಹದಲ್ಲಿ ಸೇರಿ ಸೆರೆಮನೆಯನ್ನು ಕಂಡರು. ತರುವಾಯ ಸಂವಿಧಾನ ರಚನಾ ಸಭೆಯ ಸದಸ್ಯರಾಗಿಯೂ, 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಯ ಸದಸ್ಯರಾಗಿಯೂ ಕೆಲಸ ಮಾಡಿದರು. ಮೈಸೂರು ಸೀಮೆ, ಮುಂಬಯಿ ಪ್ರಾಂತ, ಹೈದರಾಬಾದು, ಮದ್ರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ನೆಯ ಇಸವಿ ನವೆಂಬರ್ 1ರಂದು ಒಂದಾದಾಗ, ಆ ವಿಶಾಲ ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದವರು ಇವರೇ. ಏಕೀಕರಣಕ್ಕಾಗಿ ದುಡಿದವರು ಅನೇಕರು. ಆದರೆ ಒಂದಾದ ನಾಡನ್ನು ಒಂದಾಗಿಯೇ ನಡೆಯಿಸುವ ಹೊರೆಯು ಮೊದಲು ಬಿದ್ದದ್ದು ಇವರ ಹೆಗಲಿಗೆ.

1962ರ ಸಾರ್ವತ್ರಿಕ ಚುನಾವಣೆಯಲ್ಲಿ ಪಕ್ಷವು ಗೆದ್ದರೂ ಇವರು ತಮ್ಮ ಕ್ಷೇತ್ರದಲ್ಲಿ ಸೋತರು. ಆಗ ಹುನಗುಂದದ ಶ್ರೀ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಗಳಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಅವಿರೋಧವಾಗಿ ಆರಿಸಿ ಬಂದ ಮೇಲೆ, ಮಾರ್ಚಿಯಲ್ಲಿ ಪಡೆದ ಪದವಿಯನ್ನು ಕಂಠಿಯವರು ಜೂನ್ ತಿಂಗಳಲ್ಲಿ ತಾವಾಗಿಯೇ ಬಿಟ್ಟುಕೊಟ್ಟರು. ಕೈಗೆ ಬಂದ ಅಧಿಕಾರವನ್ನು ಇಟ್ಟುಕೊಂಡ ಮಾತಿಗಾಗಿ ಹಿಂದಿರುಗಿಸುವುದು ಆ ಕಾಲದಲ್ಲಿ ಸಂಭವನೀಯವಾಗಿತ್ತು. ಮುಂದೆ ನಡೆದ ಸಂಗತಿಗಳನ್ನು ತೂಗಿ ನೋಡುವುದಕ್ಕೆ ಈ ಒಂದು ದೃಷ್ಟಾಂತವನ್ನು ನೆನಪಿನಲ್ಲಿಡಬೇಕು. ಇವರ ಎರಡನೆಯ ಅವಧಿಯಲ್ಲಿಯೇ ಶರಾವತಿಯ ವಿದ್ಯುತ್ತು ನಾಡಿಗೆ ಹರಿಯಿತು; 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿಯನ್ನು ಕೊಟ್ಟಿತು. ಬೆಳಗಾವಿಯು ಮೈಸೂರು ರಾಜ್ಯದಲ್ಲಿಯೇ ಉಳಿಯತಕ್ಕದ್ದೆಂದೂ, ಚಂದ್ರಗಿರಿ ನದಿಯಿಂದ ಬಡಗಣ ಕಾಸರಗೋಡು ನಮಗೆ ಸೇರತಕ್ಕದ್ದೆಂದೂ ಅದು ಹೇಳಿತು. ಮಹಾರಾಷ್ಟ್ರವು ಅದನ್ನು ತಿರಸ್ಕರಿಸಿತು, ಕಾಸರಗೋಡು ಬರಲಿಲ್ಲ. ಗಡಿಯ ವಿಷಯದಲ್ಲಿ ಕರ್ನಾಟಕವು ಇಂದಿಗೂ ಆಧಾರವಾಗಿ ಹಿಡಿದಿರುವುದು ಆ ವರದಿಯನ್ನೇ.

1968ರಲ್ಲಿ ಇವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಮುಖ್ಯಮಂತ್ರಿ ಪದವಿಯನ್ನು ಶ್ರೀ ವೀರೇಂದ್ರ ಪಾಟೀಲರಿಗೆ ಒಪ್ಪಿಸಿ ದಿಲ್ಲಿಗೆ ಹೋದರು. ಮರುವರ್ಷ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಅವರ ಸ್ಥಾನಕ್ಕೆ ಯಾರೆಂಬ ಪ್ರಶ್ನೆಯೇ ಗಾಜಿನ ಮನೆಯ ಸಭೆಯ ಬೆನ್ನಿಗಿದ್ದ ನಿಜವಾದ ವಿವಾದ. ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಬ್ಯಾಂಕುಗಳ ವಿಷಯವಾಗಿ ಕೆಲವು ಬಿಡಿ ವಿಚಾರಗಳ ಒಂದು ಟಿಪ್ಪಣಿಯನ್ನು ಸಭೆಗೆ ಕಳುಹಿಸಿದರು. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿಯು ಪ್ರಧಾನಿಯವರ ಇಚ್ಛೆಗೆ ವಿರುದ್ಧವಾಗಿ, ಬಹುಮತದಿಂದ, ಶ್ರೀ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು.

ತರುವಾಯದ ಘಟನೆಗಳು ಬಹು ವೇಗವಾಗಿ ನಡೆದವು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರ ಕೈಯಿಂದ ಅರ್ಥಖಾತೆಯನ್ನು ತೆಗೆಯಲಾಯಿತು. ಜುಲೈ 19ರಂದು 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿಯುಳ್ಳ 14 ಬ್ಯಾಂಕುಗಳು ಸರ್ಕಾರದ ವಶವಾದವು. ಅವುಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಇದ್ದವು. ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸೂಚಕರಾಗಿ ಸಹಿ ಮಾಡಿದ್ದ ಪ್ರಧಾನಿಯವರು, ಕಡೆಗೆ ಸದಸ್ಯರು ತಂತಮ್ಮ ಅಂತಸ್ಸಾಕ್ಷಿಯಂತೆ ಮತ ಕೊಡಬಹುದೆಂಬ ಪಕ್ಷವನ್ನು ಹಿಡಿದರು. ಆಗಸ್ಟ್ 20ರಂದು ಫಲಿತಾಂಶವು ಪ್ರಕಟವಾದಾಗ ಸ್ವತಂತ್ರರಾಗಿ ನಿಂತಿದ್ದ ಶ್ರೀ ವಿ. ವಿ. ಗಿರಿಯವರು 4,20,077 ಮತಮೌಲ್ಯದಿಂದ ಗೆದ್ದಿದ್ದರು. ರೆಡ್ಡಿಯವರಿಗೆ ಬಂದದ್ದು 4,05,427. ನವೆಂಬರ್ 12ರಂದು ನಿಜಲಿಂಗಪ್ಪನವರ ಪಕ್ಷವು ಪ್ರಧಾನಿಯವರನ್ನು ಕಾಂಗ್ರೆಸ್ಸಿನಿಂದ ಬಹಿಷ್ಕರಿಸಿತು. ಒಂದು ಕಾಂಗ್ರೆಸ್ಸು ಎರಡಾಯಿತು.

ಆಗ ನಾನು ಒಂಬತ್ತು ವರ್ಷದ ಹುಡುಗ. ಕತ್ರಿಗುಪ್ಪೆಯು ಹೊಲಗದ್ದೆಗಳ ನಡುವಣ ಸಣ್ಣ ಹಳ್ಳಿ. ನಮ್ಮ ತಂದೆಯವರು ಖಾದಿಯನ್ನು ಬಿಟ್ಟು ಬೇರೆ ಬಟ್ಟೆಯನ್ನು ಉಟ್ಟವರಲ್ಲ. “ಸಹಿ ಮಾಡಿದ ಕೈಯಿಂದಲೇ ಅಳಿಸುವುದು ಧರ್ಮವೇ?” ಎಂಬುದು ಅವರ ಒಂದೇ ಮಾತು. ನಮ್ಮ ಚಿಕ್ಕಪ್ಪನವರದು ಬೇರೆ ಮಾತು: “ಅಣ್ಣಯ್ಯ, ದೊಡ್ಡವರ ಸಹಿ ದೊಡ್ಡವರಿಗಿರಲಿ. ನಮ್ಮಂಥವರಿಗೆ ಬ್ಯಾಂಕಿನ ಬಾಗಿಲು ತೆರೆದೀತೇ, ಅದನ್ನು ಹೇಳು.” ಈ ಮಾತಿನಿಂದ ಆರಂಭವಾದ ವಾದವು ಬೆಳೆದು, ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೂ ಎರಡು ವರ್ಷ ಒಬ್ಬರೊಡನೊಬ್ಬರು ಮಾತನಾಡಲಿಲ್ಲ. ನಮ್ಮ ಅಜ್ಜಿಯವರು ಇದನ್ನು ನೋಡಿ ಕಣ್ಣೀರಿಟ್ಟದ್ದನ್ನು ನಾನು ಕಂಡಿದ್ದೇನೆ. 1972ರಲ್ಲಿ ಚಿಕ್ಕಪ್ಪನವರಿಗೆ ಸಾಲ ದೊರೆತು, ಅವರು ಕರುವಿನೊಡನೆ ಒಂದು ಹಸುವನ್ನು ಕೊಂಡು ತಂದರು. ಇಂದಿರಾ ಪಕ್ಷದ ಚುನಾವಣಾ ಚಿಹ್ನೆ ಆಗ ಹಸು ಮತ್ತು ಕರು. ತಂದೆಯವರು ಜಗಲಿಯಿಂದ ಇಳಿದು ಹಸುವಿನ ಬೆನ್ನು ಸವರಿ, “ಏನಪ್ಪಾ, ಪಕ್ಷದ ಚಿಹ್ನೆಯನ್ನೇ ಮನೆಗೆ ಹೊಡೆದುಕೊಂಡು ಬಂದೆಯಲ್ಲ” ಎಂದರು. ಮೌನವು ಅಂದಿಗೆ ಮುರಿಯಿತು. ತಂದೆಯವರು ಆ ಹಸುವಿನ ಹಾಲನ್ನು ಕುಡಿದರು. ಆದರೆ ತಮ್ಮ ಅಭಿಪ್ರಾಯವನ್ನು ಕಡೆಯವರೆಗೂ ಬದಲಾಯಿಸಲಿಲ್ಲ.

ಪ್ರಕೃತ ವಿಷಯಕ್ಕೆ ಬರೋಣ. ನಾವು ಪಾಠಶಾಲೆಯಲ್ಲಿ ಕಲಿತ ಕ್ರಮದಂತೆ ಮೊದಲು ಪೂರ್ವಪಕ್ಷವನ್ನು ಹೇಳುತ್ತೇನೆ. ನಿಜಲಿಂಗಪ್ಪನವರು ಜನಬಲವಿಲ್ಲದ ಕೆಲವು ಹಿರಿಯರ ಕೂಟದ ಮುಖಂಡರಾಗಿ, ಕಾಲದ ಗತಿಯನ್ನು ಅರಿಯದೆ ಹೋದರು. ರೆಡ್ಡಿಯವರಿಗೆ ಎರಡನೆಯ ಆದ್ಯತೆಯ ಮತಗಳನ್ನು ಬೇಡಲು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡು, ಎದುರಾಳಿಗಳ ಕೈಗೆ ತಾವೇ ಆಯುಧವನ್ನು ಕೊಟ್ಟರು. 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಪಕ್ಷಕ್ಕೆ 518ರಲ್ಲಿ 352 ಸ್ಥಾನಗಳೂ ಸಂಸ್ಥಾ ಕಾಂಗ್ರೆಸ್ಸಿಗೆ 16 ಸ್ಥಾನಗಳೂ ಬಂದವು. ಇವರ ಸ್ವಂತ ರಾಜ್ಯದಲ್ಲಿಯೇ 27ಕ್ಕೆ 27 ಸ್ಥಾನಗಳೂ ಎದುರು ಪಕ್ಷದ ಪಾಲಾದವು. ಇದಕ್ಕಿಂತ ಸ್ಪಷ್ಟವಾದ ತೀರ್ಪು ಬೇಕೇ? ಇದು ಪೂರ್ವಪಕ್ಷ. ಇದರಲ್ಲಿ ಸುಳ್ಳಿಲ್ಲ. ಆದರೆ ಚುನಾವಣೆಯ ತೀರ್ಪು ಬೇರೆ, ಚರಿತ್ರೆಯ ತೀರ್ಪು ಬೇರೆ. ಆ ಒಡಕಿನಿಂದ ಮುಂದೆ ಏನೇನು ಹುಟ್ಟಿತೆಂಬುದನ್ನು ನೋಡತಕ್ಕದ್ದು.

ಮೊದಲನೆಯದು ಚುನಾವಣೆಯ ಕಾಲಕ್ರಮ. 1952, 1957, 1962, 1967 ಈ ನಾಲ್ಕು ಸಲವೂ ಲೋಕಸಭೆಗೂ ನಮ್ಮ ವಿಧಾನಸಭೆಗೂ ಒಟ್ಟಿಗೆ ಮತದಾನವಾಗಿತ್ತು. ಪಕ್ಷವು ಒಡೆದು ಸರ್ಕಾರಕ್ಕೆ ಸ್ವಂತ ಬಹುಮತವು ತಪ್ಪಿದ ಕಾರಣ, 1970ನೆಯ ಇಸವಿ ಡಿಸೆಂಬರ್ 27ರಂದು ಲೋಕಸಭೆಯನ್ನು ಅವಧಿಗೆ ಮುಂಚೆ ವಿಸರ್ಜಿಸಲಾಯಿತು. ಹಾಗಾದದ್ದು ಅದೇ ಮೊದಲು. ನಮ್ಮಲ್ಲಿ ಲೋಕಸಭೆಗೆ 1971ರಲ್ಲಿಯೂ ವಿಧಾನಸಭೆಗೆ 1972ರಲ್ಲಿಯೂ ಚುನಾವಣೆಯಾಯಿತು. 2024ನೆಯ ಇಸವಿ ಡಿಸೆಂಬರಿನಲ್ಲಿ ಏಕಕಾಲದ ಚುನಾವಣೆಗಾಗಿ ಲೋಕಸಭೆಯಲ್ಲಿ ಮಂಡಿಸಲಾದ ಸಂವಿಧಾನ ತಿದ್ದುಪಡಿ ಮಸೂದೆಯು, ಗಾಜಿನ ಮನೆಯಲ್ಲಿ ಬಿದ್ದ ಗಂಟನ್ನು ಬಿಚ್ಚುವ ಒಂದು ಪ್ರಯತ್ನವೆಂದರೆ ತಪ್ಪಾಗಲಾರದು.

ಎರಡನೆಯದು ನ್ಯಾಯದ ಸೂತ್ರ. ಒಡೆದ ಪಕ್ಷದಲ್ಲಿ ನಿಜವಾದ ಪಕ್ಷ ಯಾವುದು? ನೊಗ ಹೊತ್ತ ಜೋಡೆತ್ತಿನ ಹಳೆಯ ಚಿಹ್ನೆಗೆ ಇಬ್ಬರೂ ಹಕ್ಕುದಾರರಾದರು. ಸಂಸ್ಥಾ ಕಾಂಗ್ರೆಸ್ಸಿನ ಸಾದಿಕ್ ಅಲಿಯವರ ಹೆಸರಿನಲ್ಲಿ ನಡೆದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1971ನೆಯ ಇಸವಿ ನವೆಂಬರಿನಲ್ಲಿ ತೀರ್ಪಿತ್ತು, ಬಹುಮತವು ಯಾರಲ್ಲಿದೆಯೋ ಅವರೇ ಪಕ್ಷವೆಂಬ ಚುನಾವಣಾ ಆಯೋಗದ ಪರೀಕ್ಷೆಯನ್ನು ಎತ್ತಿ ಹಿಡಿಯಿತು. ಒಡೆದ ಶಿವಸೇನೆಯ ವಿಷಯದಲ್ಲಿ 2023ರಲ್ಲಿಯೂ ಒಡೆದ ರಾಷ್ಟ್ರವಾದಿ ಕಾಂಗ್ರೆಸ್ಸಿನ ವಿಷಯದಲ್ಲಿ 2024ರಲ್ಲಿಯೂ ಆಯೋಗವು ತೀರ್ಮಾನ ಕೊಟ್ಟಾಗ ಅಳತೆಗೋಲಾದದ್ದು ಇದೇ ಸೂತ್ರ. ನನ್ನ ಶಿಷ್ಯನು ವಕೀಲನಾಗಿದ್ದೂ ಇದನ್ನು ಮರೆತದ್ದು ಆಶ್ಚರ್ಯ.

ಮೂರನೆಯದು ನಮ್ಮ ನಾಡಿನ ರಾಜಕೀಯ. ಒಡಕಿನಲ್ಲಿ ವೀರೇಂದ್ರ ಪಾಟೀಲರೂ ರಾಮಕೃಷ್ಣ ಹೆಗಡೆಯವರೂ ನಿಜಲಿಂಗಪ್ಪನವರ ಕಡೆ ನಿಂತರು; ಈ ಇಬ್ಬರನ್ನೂ ಜನರು ಅವರ ಲವ-ಕುಶರೆಂದು ಕರೆಯುತ್ತಿದ್ದರು. ಶ್ರೀ ದೇವರಾಜ ಅರಸರು ಇನ್ನೊಂದು ಕಡೆ ನಿಂತು, 1972ರಲ್ಲಿ ಮುಖ್ಯಮಂತ್ರಿಗಳಾಗಿ, ಹಿಂದುಳಿದವರಿಗಾಗಿ ಹಾವನೂರು ಆಯೋಗವನ್ನು ನೇಮಿಸಿದರು; 1974ರಿಂದ ಉಳುವವನಿಗೆ ಭೂಮಿಯನ್ನು ಕೊಡುವ ಶಾಸನವನ್ನು ಜಾರಿಗೆ ತಂದರು. ಹಳೆಯ ಮುಖಂಡರ ಕಟ್ಟು ಸಡಿಲಿಸದೆ ಇದ್ದಿದ್ದರೆ ಇದು ಅಷ್ಟು ಬೇಗ ಆಗುತ್ತಿರಲಿಲ್ಲ. ಸೋತ ಸಂಸ್ಥಾ ಕಾಂಗ್ರೆಸ್ಸಾದರೂ ಸಾಯಲಿಲ್ಲ. ಆ ಪಕ್ಷದಿಂದಲೇ ಶ್ರೀ ದೇವೇಗೌಡರು 1972ರಲ್ಲಿ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾದರು. ಅದು 1977ರಲ್ಲಿ ಜನತಾ ಪಕ್ಷದೊಳಗೆ ಸೇರಿತು. 1983ರಲ್ಲಿ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರವನ್ನು ರಚಿಸಿದರು. 1996ರಲ್ಲಿ ದೇವೇಗೌಡರು ಭಾರತದ ಪ್ರಧಾನಮಂತ್ರಿಗಳಾದರು. ಗೆದ್ದ ಪಕ್ಷದಿಂದ ಅರಸರ ಸುಧಾರಣೆ, ಸೋತ ಪಕ್ಷದಿಂದ ಕನ್ನಡಿಗ ಪ್ರಧಾನಿ: ಎರಡು ಹೊಳೆಗಳ ತಲಕಾವೇರಿಯೂ ಆ ಗಾಜಿನ ಮನೆಯೇ.

ನಾಲ್ಕನೆಯದು ಎಲ್ಲಕ್ಕಿಂತ ಗುರುತರವಾದದ್ದು. ಸಂಸ್ಥೆ ದೊಡ್ಡದೋ, ಸಂಸ್ಥೆಯನ್ನು ಗೆಲ್ಲಿಸುವ ವ್ಯಕ್ತಿ ದೊಡ್ಡವರೋ? ಈ ಪ್ರಶ್ನೆಗೆ ನಿಜಲಿಂಗಪ್ಪನವರು ಸಂಸ್ಥೆಯೆಂದರು, ಜನರು ವ್ಯಕ್ತಿಯೆಂದರು. 1972ರ ಮೇಲೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಕಾಂಗ್ರೆಸ್ಸಿನಲ್ಲಿ ಆಂತರಿಕ ಚುನಾವಣೆಗಳೇ ನಡೆಯಲಿಲ್ಲ. ಉಳಿದ ಪಕ್ಷಗಳಾದರೂ ಇದನ್ನು ನೋಡಿ ಕಲಿತದ್ದು ದೋಷವನ್ನೇ. ಅಂತಸ್ಸಾಕ್ಷಿಯು ಪವಿತ್ರವಾದದ್ದು, ನಿಜ. ಆದರೆ ಸೋಲುವ ಭಯವಿದ್ದಾಗ ಮಾತ್ರ ಎಚ್ಚರಗೊಳ್ಳುವ ಅಂತಸ್ಸಾಕ್ಷಿಯನ್ನು ಪರೀಕ್ಷಿಸಿ ಒಪ್ಪಬೇಕು. ಹಾಗೆಯೇ, ಬಹುಮತದ ನಿರ್ಣಯವೆಂದು ಹೇಳಿಕೊಂಡು ಜನರ ಹಸಿವಿಗೆ ಕಿವಿಗೊಡದ ಸಂಸ್ಥೆಯೂ ಪೂಜ್ಯವಲ್ಲ. ಭೀಷ್ಮನು ಸಿಂಹಾಸನಕ್ಕೆ ಕೊಟ್ಟ ಮಾತಿಗೆ ಕಟ್ಟುಬಿದ್ದು ದುರ್ಯೋಧನನ ಅನ್ನದ ಋಣದಲ್ಲಿ ಉಳಿದನು. ಮಾತು ಉಳಿಯಿತು, ಕುಲವು ಉಳಿಯಲಿಲ್ಲ. ನಮ್ಮ ತಂದೆಯವರೂ ಚಿಕ್ಕಪ್ಪನವರೂ ಹೇಳಿದ್ದು ಒಂದೊಂದು ಅರ್ಧ ಸತ್ಯ. ಎರಡನ್ನೂ ಕೂಡಿಸುವ ಬುದ್ಧಿಯು ಆ ದಿನ ಗಾಜಿನ ಮನೆಯಲ್ಲಿ ಯಾರಿಗೂ ಬರಲಿಲ್ಲ.

ನಿಜಲಿಂಗಪ್ಪನವರು ಸೋತ ಮೇಲೆ ಪಕ್ಷದಿಂದ ಪಕ್ಷಕ್ಕೆ ಹಾರಿ ಪದವಿಯನ್ನು ಅರಸಲಿಲ್ಲ. ಚಿತ್ರದುರ್ಗದಲ್ಲಿ ಬಾಳಿ, 2000ನೆಯ ಇಸವಿ ಆಗಸ್ಟ್ 8ರಂದು ತಮ್ಮ 97ನೆಯ ವಯಸ್ಸಿನಲ್ಲಿ ಕಾಲವಾದರು. 2022ನೆಯ ಇಸವಿ ಅಕ್ಟೋಬರಿನಲ್ಲಿ ಶ್ರೀ ಮಲ್ಲಿಕಾರ್ಜುನ ಖರ್ಗೆಯವರು ಸ್ಪರ್ಧೆಯಲ್ಲಿ 7,897 ಮತಗಳನ್ನು ಪಡೆದು ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಚುನಾಯಿತರಾದಾಗ, ಆ ಪೀಠಕ್ಕೆ ಕರ್ನಾಟಕದಿಂದ ಹಿಂದೆ ಹೋಗಿದ್ದವರ ಹೆಸರನ್ನು ಪತ್ರಿಕೆಗಳು ನೆನಪಿಸಿಕೊಂಡವು. ಅಧ್ಯಕ್ಷರನ್ನು ಮತ ಹಾಕಿ ಆರಿಸುವ ಪದ್ಧತಿಯು ಮರಳಿ ಬಂದದ್ದು ಒಂದು ಕನ್ನಡಿಗರ ಹೆಸರಿನೊಡನೆ ಎಂಬುದು ಸಂತೋಷದ ಸಂಗತಿ.

ಶಿಷ್ಯನ ಪ್ರಶ್ನೆಗೆ ನನ್ನ ಉತ್ತರವಿಷ್ಟೆ: ಸೋತವರಿಂದ ಉಳಿಯುವುದು ಅವರು ಎತ್ತಿದ ಪ್ರಶ್ನೆ. ಗೆದ್ದವರು ತಮ್ಮ ಕಾಲದ ಉತ್ತರವನ್ನು ಕೊಟ್ಟು ಹೋಗುತ್ತಾರೆ. ಪ್ರಶ್ನೆಯು ಮುಂದಿನವರ ಬಾಗಿಲಿಗೆ ಮತ್ತೆ ಬರುತ್ತದೆ. ನಾವು ಸೇರಿರುವ ಸಂಘ, ದೇವಸ್ಥಾನದ ಸಮಿತಿ, ಸಹಕಾರ ಸಂಸ್ಥೆ, ಕಡೆಗೆ ನಮ್ಮ ಈ ಸಾಹಿತ್ಯ ಸಂಘವೂ ಸಹ, ನಿಯಮದಿಂದ ನಡೆಯುತ್ತಿದೆಯೋ ಒಬ್ಬರ ಮುಖವನ್ನು ನೋಡಿ ನಡೆಯುತ್ತಿದೆಯೋ ಎಂಬುದನ್ನು ಪ್ರತಿಯೊಂದು ಮನೆಯವರೂ ವಿಚಾರ ಮಾಡಲಿ. ಇನ್ನೊಮ್ಮೆ ಲಾಲ್‌ಬಾಗಿಗೆ ಹೂವನ್ನು ನೋಡಲು ಹೋದಾಗ, ಮಕ್ಕಳಿಗೆ ಗಾಜಿನ ಮನೆಯನ್ನು ತೋರಿಸಿ ಈ ಕಥೆಯನ್ನೂ ಹೇಳಬೇಕೆಂದು ಬೇಡಿಕೊಂಡು ಲೇಖನವನ್ನು ಮುಗಿಸುತ್ತೇನೆ.