ಸಾಮಾನ್ಯ ಕೋನಗಳ ಸೈನ್ ಬೆಲೆಗಳು

ಲಂಬಕೋನ ತ್ರಿಭುಜದಲ್ಲಿ ಒಂದು ಲಘುಕೋನದ ಎದುರಿನ ಬಾಹುವನ್ನು ವಿಕರ್ಣದಿಂದ, ಎಂದರೆ ಲಂಬಕೋನಕ್ಕೆ ಎದುರಾಗಿರುವ ಬಾಹುವಿನಿಂದ, ಭಾಗಿಸಿದಾಗ ದೊರೆಯುವ ಅನುಪಾತಕ್ಕೆ ಆ ಕೋನದ ಸೈನ್ ಎಂದು ಹೆಸರು. ಕೋನಗಳು ಸಮವಾಗಿರುವ ತ್ರಿಭುಜಗಳೆಲ್ಲ ಸಮರೂಪವಾಗಿರುವುದರಿಂದ, ತ್ರಿಭುಜ ಚಿಕ್ಕದಿರಲಿ ದೊಡ್ಡದಿರಲಿ ಈ ಅನುಪಾತ ಬದಲಾಗದು. 0°, 30°, 45°, 60°, 90° ಕೋನಗಳ ಸೈನ್ ಬೆಲೆಗಳನ್ನು ಶಾಲೆಗಳಲ್ಲಿ ಕೋಷ್ಟಕವಾಗಿ ಬಾಯಿಪಾಠ ಮಾಡಿಸುವ ರೂಢಿಯಿದ್ದರೂ, ಅವನ್ನು ಎರಡೇ ಆಕೃತಿಗಳಿಂದ ಸಾಧಿಸಬಹುದಾದ್ದರಿಂದ ಕಂಠಪಾಠದ ಅಗತ್ಯವೇ ಇಲ್ಲ.

ಪ್ರತಿ ಬಾಹು 2 ಮಾನವಿರುವ ಸಮಬಾಹು ತ್ರಿಭುಜದ ಶೃಂಗದಿಂದ ಪಾದಕ್ಕೆ ಲಂಬವೆಳೆದರೆ, ಅದು 60°ಯ ಶೃಂಗಕೋನವನ್ನೂ ಪಾದವನ್ನೂ ಸರಿಯಾಗಿ ಎರಡು ಭಾಗ ಮಾಡುತ್ತದೆ. ಹೀಗೆ ಉಂಟಾದ ಅರ್ಧ ತ್ರಿಭುಜದಲ್ಲಿ ವಿಕರ್ಣ 2, 30°ಯ ಎದುರಿನ ಬಾಹು 1; ಆದ್ದರಿಂದ ಸೈನ್ 30° = 1/2. ಪೈಥಾಗೊರಸ್ ಪ್ರಮೇಯದಂತೆ ಲಂಬದ ಉದ್ದ √3 ಆಗುವುದರಿಂದ ಸೈನ್ 60° = √3/2. ಬಾಹು 1 ಮಾನವಿರುವ ಚೌಕದ ಕರ್ಣ √2 ಆಗಿದ್ದು, ಅದು ಮೂಲೆಯ ಲಂಬಕೋನವನ್ನು ಸಮಭಾಗ ಮಾಡುವುದರಿಂದ ಸೈನ್ 45° = 1/√2, ಎಂದರೆ ಸುಮಾರು 0.7071. ವಿಕರ್ಣವನ್ನು 1ರಲ್ಲೇ ಸ್ಥಿರವಾಗಿಟ್ಟು ಕೋನವನ್ನು ಕುಗ್ಗಿಸುತ್ತ ಹೋದರೆ ಎದುರಿನ ಬಾಹು 0ಗೂ, ಹಿಗ್ಗಿಸುತ್ತ ಹೋದರೆ 1ಕ್ಕೂ ಸಮೀಪಿಸುತ್ತದೆ. ಅವೇ 0° ಮತ್ತು 90°ಗಳ ಬೆಲೆಗಳು.

ಈ ಐದನ್ನೂ √0/2, √1/2, √2/2, √3/2, √4/2 ಎಂದು ಸಾಲಾಗಿ ಬರೆಯುವ ಸೂತ್ರ ನೆನಪಿಗೆ ಅನುಕೂಲವಾದರೂ ಅದು ಸಾಧನೆಯಲ್ಲ. ಬೆಲೆಗಳ ವರ್ಗಗಳು ಕಾಲು ಕಾಲರಷ್ಟು ಏರುತ್ತವೆಯೇ ಹೊರತು ಕೋನಗಳ ನಡುವಣ ಅಂತರ ಸಮವಲ್ಲ. ಆದ್ದರಿಂದಲೇ ಸೈನ್ 15° ಈ ಸಾಲಿಗೆ ಸೇರದೆ (√6 − √2)/4 ಆಗುತ್ತದೆ.

ಆರ್ಯಭಟ ತನ್ನ ‘ಆರ್ಯಭಟೀಯ’ದಲ್ಲಿ 3°45′ ಅಂತರದ 24 ಅರ್ಧಜ್ಯಾಗಳನ್ನು, ಎಂದರೆ ತ್ರಿಜ್ಯದಿಂದ ಗುಣಿಸಿದ ಸೈನ್ ಬೆಲೆಗಳನ್ನು, ಅವುಗಳ ವ್ಯತ್ಯಾಸಗಳ ರೂಪದಲ್ಲಿ ಕೊಟ್ಟಿದ್ದಾನೆ. ತ್ರಿಜ್ಯ 3438 ಎಂದಿಟ್ಟಾಗ 30°ಗೆ ಬರುವ 1719 ಅದರ ನಿಖರವಾದ ಅರ್ಧ; 45°ಗೆ ಬರುವ 2431 ಇಂದಿನ ಬೆಲೆಗೆ ನಾಲ್ಕು ದಶಮಾಂಶ ಸ್ಥಾನಗಳವರೆಗೆ ಹೊಂದುತ್ತದೆ. ಏಳನೆಯ ಶತಮಾನದ ಒಂದನೆಯ ಭಾಸ್ಕರ ಕೋಷ್ಟಕವೇ ಬೇಡದಂತೆ 4ಕ(180 − ಕ) / [40500 − ಕ(180 − ಕ)] ಎಂಬ ಸನ್ನಿಹಿತ ಸೂತ್ರವನ್ನು ಕೊಟ್ಟ. ಇಲ್ಲಿ ‘ಕ’ ಎಂಬುದು ಡಿಗ್ರಿಗಳಲ್ಲಿನ ಕೋನ. ಇದು 30°ಗೆ ಸರಿಯಾಗಿ 1/2ನ್ನೇ ಕೊಡುವುದು, 60°ಗೆ 0.8660 ಬದಲು 0.8649ನ್ನು ಕೊಡುವುದು ಅದರ ಸೊಗಸನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತವೆ.

ವರ್ಗಮೂಲಗಳ ಈ ದಾರಿ ಎಲ್ಲ ಕೋನಗಳಿಗೂ ತೆರೆದಿಲ್ಲ. ಪೂರ್ಣ ಡಿಗ್ರಿಗಳಲ್ಲಿ 3ರ ಅಪವರ್ತ್ಯಗಳಾದ ಕೋನಗಳ ಸೈನ್‌ಗಳನ್ನು ಮಾತ್ರ ನೈಜ ವರ್ಗಮೂಲಗಳಿಂದ ಬರೆಯಬಹುದು. ಸೈನ್ 20°ಗೆ ಘನ ಸಮೀಕರಣವೊಂದನ್ನು ಬಿಡಿಸಬೇಕಾಗುತ್ತದೆ, ಮತ್ತು 60°ಯ ಕೋನವನ್ನು ಅಳತೆಯಿಲ್ಲದ ಪಟ್ಟಿ, ಕೈವಾರಗಳಿಂದ ಮೂರು ಸಮಭಾಗ ಮಾಡಲಾಗದೆಂಬುದನ್ನು ಫ್ರಾನ್ಸಿನ ಪಿಯೆರ್ ವಾಂಟ್ಸೆಲ್ 1837ರಲ್ಲಿ ಸಾಧಿಸಿದ.