ಬಾಗಿಲು ಕಾಯುವ ಬೇತಾಳಗಳು

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ತಿರುಗಿದರೆ ದೊಡ್ಡಗದ್ದವಳ್ಳಿ. ಅಲ್ಲಿನ ಲಕ್ಷ್ಮೀದೇವಿ ದೇವಸ್ಥಾನ 1113ರ ಸುಮಾರಿನದು. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ಒಳಗೆ ಕಾಳಿಯ ಗುಡಿಯಿದೆ. ಅದರ ಬಾಗಿಲ ಎರಡೂ ಬದಿಗೆ ಬೆತ್ತಲೆ ಬೇತಾಳಗಳು ನಿಂತಿವೆ. ಎದೆಯ ಮೂಳೆ ಎಣಿಸಬಹುದು, ಹೊಟ್ಟೆ ಬೆನ್ನಿಗೆ ಹತ್ತಿದೆ, ಬಾಯಿ ಹಲ್ಲು ಕಿರಿದಿದೆ. ಎದ್ದು ನಡೆಯುವ ಹೆಣಗಳು.

ನಮ್ಮ ಮಲ್ಲಿಪಟ್ಟಣ ಸೀಮೆಯವರು ಬೇಲೂರು, ಹಳೇಬೀಡು ನೋಡಿ ಮದನಿಕೆಯರನ್ನು ಹೊಗಳುತ್ತೇವೆ. ಈ ಬೇತಾಳಗಳ ಸುದ್ದಿ ಎತ್ತುವವರು ಕಡಿಮೆ. ಆದರೆ ಭಯದ ಕಥೆಗಳ ಬಗ್ಗೆ, ಅವುಗಳ ಚಿತ್ರ ಮತ್ತು ಸಿನಿಮಾಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇವೇ. ಶಿಲ್ಪಿ ಅವನ್ನು ಕೆತ್ತಿರುವುದು ಭಯ ಹುಟ್ಟಿಸಲು, ಅದರಲ್ಲಿ ಅನುಮಾನವಿಲ್ಲ. ಆದರೆ ಅವು ನಿಂತಿರುವುದು ಬಾಗಿಲಲ್ಲಿ. ಭಯವನ್ನು ದಾಟಿ ಒಳಗೆ ಹೋಗಬೇಕು, ಒಳಗಿರುವುದು ತಾಯಿ.

ಅದೇ ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಕನ್ನಡದಲ್ಲಿ ಅದಕ್ಕಿಂತ ಭೀಕರವಾದ ಆರಂಭ ನನಗೆ ಗೊತ್ತಿಲ್ಲ. ಚಂಡಮಾರಿಯ ಗುಡಿ, ಜಾತ್ರೆ, ಬಲಿಗೆ ತಂದ ಪ್ರಾಣಿಗಳು, ಕತ್ತಿ ಹಿಡಿದು ನಿಂತ ದೊರೆ ಮಾರಿದತ್ತ, ಅವನೆದುರು ನರಬಲಿಗೆಂದು ಹಿಡಿದು ತಂದ ಎಳೆಯ ಅಣ್ಣ ತಂಗಿ. ಹುಡುಗನ ಹೆಸರು ಅಭಯರುಚಿ, ಹುಡುಗಿ ಅಭಯಮತಿ. ಇಬ್ಬರ ಹೆಸರಿನಲ್ಲೂ ಅಭಯವಿದೆ! ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಕ್ಕೇ ಜನ್ಮಜನ್ಮ ಪ್ರಾಣಿಯಾಗಿ ಹುಟ್ಟಿ ಸತ್ತ ಕಥೆಯನ್ನು ಹುಡುಗ ಹೇಳುತ್ತಾನೆ. ಕೇಳಿದ ದೊರೆ ಹಿಂಸೆ ಬಿಡುತ್ತಾನೆ. ಜನ್ನ ನಮ್ಮನ್ನು ಹೆದರಿಸುವುದು ಮಕ್ಕಳನ್ನು ತೋರಿಸಿ ಅಲ್ಲ, ಕತ್ತಿ ಹಿಡಿದ ಕೈಯನ್ನು ತೋರಿಸಿ.

ನಮ್ಮ ತಲೆಮಾರಿಗೆ ಬೇತಾಳ ಸಿಕ್ಕಿದ್ದು ಕಲ್ಲಿನಲ್ಲಲ್ಲ, ಕಾಗದದಲ್ಲಿ. ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂತು. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದಲ್ಲಿ ನಡೆಯುವ ರಾಜ: ಆ ಚಿತ್ರ ಬರೆದವರು ಶಂಕರ್, ಅಂದರೆ ಕೆ. ಸಿ. ಶಿವಶಂಕರನ್. 2020ರಲ್ಲಿ ತೀರಿಕೊಂಡರು. ಇದನ್ನು ಕಾಮಿಕ್ಸ್ ಎನ್ನಲಾಗದು, ಆದರೆ ನಾವು ಓದುವ ಮೊದಲೇ ನೋಡಿ ಬೆಚ್ಚಿದ್ದು ಆ ಚಿತ್ರಕ್ಕೆ. 11ನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲೂ ಇರುವ ಈ ಕಥೆಯ ಕಟ್ಟು ಎಷ್ಟು ಜಾಣತನದ್ದು ನೋಡಿ. ಹೆಣ ಕಥೆ ಹೇಳುತ್ತದೆ, ಕೊನೆಗೆ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ ಹಾರುತ್ತದೆ. ನ್ಯಾಯ ಯಾವುದೆಂದು ಬಲ್ಲವನು ಬಾಯಿ ಮುಚ್ಚಿಕೊಂಡಿರುವುದೇ ಇಲ್ಲಿ ಪ್ರಾಣಕ್ಕೆ ಕುತ್ತು.

ಹೊರಗಿನ ಜಗತ್ತಿನಲ್ಲಿ ಅದೇ ಹೊತ್ತಿಗೆ ಬೇರೊಂದು ಗಲಾಟೆ ನಡೆದಿತ್ತು. ಅಮೆರಿಕದಲ್ಲಿ ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ನಂಥ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ಥಾಮ್ 1954ರಲ್ಲಿ ಪುಸ್ತಕ ಬರೆದ. ಸೆನೆಟ್ ವಿಚಾರಣೆಯಾಯಿತು. ಪ್ರಕಾಶಕರು ತಾವೇ ಒಂದು ಸಂಹಿತೆ ಮಾಡಿಕೊಂಡರು: ಹೆಸರಿನಲ್ಲಿ ‘ಹಾರರ್’ ಎಂಬ ಪದ ಕೂಡದು, ನಡೆಯುವ ಹೆಣ ಕೂಡದು, ರಕ್ತಪಿಶಾಚಿ ಕೂಡದು. 1955ಕ್ಕೆ ‘ಕ್ರಿಪ್ಟ್’ ಮುಚ್ಚಿತು. ವರ್ಥಾಮ್ ತನ್ನ ಪುರಾವೆಗಳನ್ನು ತಿರುಚಿದ್ದನೆಂದು 2012ರಲ್ಲಿ ಕೆರಲ್ ಟಿಲ್ಲಿ ಎಂಬ ಸಂಶೋಧಕಿ ಅವನ ಕಾಗದಪತ್ರಗಳಿಂದಲೇ ತೋರಿಸಿದರು. ನಮ್ಮಲ್ಲೂ 1956ರಲ್ಲಿ ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳ ಕಾಯ್ದೆ ಬಂತು. ಚಿತ್ರಕಥೆಗಳಲ್ಲಿನ ಅಪರಾಧ, ಕ್ರೌರ್ಯ, ಭೀಕರ ಘಟನೆಗಳು ಅದರ ವ್ಯಾಪ್ತಿಗೆ ಬಂದವು. ಆದರೆ ವಿಕ್ರಮನ ಹೆಗಲಿನ ಹೆಣವನ್ನು ಯಾರೂ ಇಳಿಸಲಿಲ್ಲ. ಅದು ಮಕ್ಕಳನ್ನು ಕೆಡಿಸುವ ಹೆಣವಲ್ಲ, ಯೋಚನೆಗೆ ಹಚ್ಚುವ ಹೆಣ ಎಂದು ಮನೆಯವರಿಗೆ ಗೊತ್ತಿತ್ತು.

ಸಿನಿಮಾಕ್ಕೆ ಬರೋಣ. 1979ರ ‘ನಾ ನಿನ್ನ ಬಿಡಲಾರೆ’ ನೋಡಿ ಹೆದರದವರು ನಮ್ಮ ಕಡೆ ಇರಲಿಲ್ಲ. ವಿಜಯ್ ನಿರ್ದೇಶನ, ಅನಂತನಾಗ್, ಲಕ್ಷ್ಮಿ ಜೋಡಿ. ಸತ್ತ ಕಾಮಿನಿ ಬಂದು ಸೇರುವುದು ನಾಯಕನ ಮೈಗೆ. ಸಭ್ಯ ಗಂಡನೊಬ್ಬ ಹೆಂಗಸಿನ ದನಿಯಲ್ಲಿ, ಹೆಂಗಸಿನ ನಡೆಯಲ್ಲಿ ಕಾಣಿಸಿಕೊಂಡಾಗ ಜನ ನಡುಗಿದರು. ಪರಿಹಾರ ಸಿಗುವುದು ಮಂತ್ರಾಲಯದ ರಾಯರ ಸನ್ನಿಧಿಯಲ್ಲಿ. ಇಪ್ಪತ್ತೈದು ವರ್ಷ ಕಳೆದು 2004ರಲ್ಲಿ ‘ಆಪ್ತಮಿತ್ರ’ ಬಂತು. ಫಾಸಿಲ್ ಅವರ 1993ರ ಮಲಯಾಳಂ ಚಿತ್ರದಿಂದ ಬಂದ ಕಥೆ, ಪಿ. ವಾಸು ನಿರ್ದೇಶನ. ಇಲ್ಲಿ ನಾಗವಲ್ಲಿ ಗಂಗಾಳ ಮನಸ್ಸಿನಲ್ಲಿದ್ದಾಳೆ, ಬಿಡಿಸಲು ಬರುವವನು ಮನೋವೈದ್ಯ. ಸೌಂದರ್ಯ ಆ ಪಾತ್ರ ಮಾಡಿ, ಚಿತ್ರ ತೆರೆಗೆ ಬರುವ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಎರಡೂ ಒಳ್ಳೆಯ ಚಿತ್ರಗಳೇ. ಆದರೆ ಥಿಯೇಟರಿನಿಂದ ಊರಿಗೆ ಬಂದದ್ದು ಏನು? ವೈದ್ಯ ಬರಲಿಲ್ಲ, ನಾಗವಲ್ಲಿ ಬಂದಳು. ನಮ್ಮ ನೆಂಟರ ಮನೆಯೊಂದರಲ್ಲಿ ಮದುವೆಯಾಗಿ ವರ್ಷ ತುಂಬದ ಸೊಸೆ ಊಟ ಬಿಟ್ಟು, ಒಬ್ಬಳೇ ಮಾತಾಡತೊಡಗಿದಳು. ‘ಗಾಳಿ ಮೆಟ್ಟಿದೆ ಕಣಮ್ಮ, ಥೇಟ್ ಆ ಪಿಚ್ಚರ್‌ನಲ್ಲಿ ಬಂದಂಗೇ ನೋಡ್ತಾಳೆ’ ಎಂದರು ಓಣಿಯವರು. ಬೇವಿನ ಸೊಪ್ಪು ಬಂತು, ತಾಯಿತ ಬಂತು, ಕೊನೆಗೆ ಹುಣಸೆ ಬರಲೂ ಬಂತು. ಅವಳು ಅತ್ತದ್ದನ್ನು ದೆವ್ವ ಅತ್ತಿತು ಎಂದುಕೊಂಡರು. ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಮಾತ್ರೆಯಿಂದ ಚೇತರಿಸಿಕೊಂಡಳು, ಬೆನ್ನಿನ ಬರೆ ಮಾಯಲಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ತಡೆಯಲು 2017ರಲ್ಲಿ ನಮ್ಮ ರಾಜ್ಯ ಕಾಯ್ದೆ ಮಾಡಿತು, 2020ರಲ್ಲಿ ಜಾರಿಗೆ ಬಂತು. ಅವಳ ಪಾಲಿಗೆ ಅದು ತಡ.

ಹಾಗಾದರೆ ತಪ್ಪು ಸಿನಿಮಾದ್ದೇ? ಹಾಗೆಂದರೆ ನಾನೂ ವರ್ಥಾಮನ ದಾರಿ ಹಿಡಿದಂತಾಗುತ್ತದೆ. ಸಿನಿಮಾ ಹುಟ್ಟುವ ಮೊದಲೂ ನಮ್ಮಲ್ಲಿ ಗಾಳಿ ಮೆಟ್ಟುತ್ತಿತ್ತು. 1990ರ ದಶಕದಲ್ಲಿ ಊರೂರಿನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಾಗ ಅದನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟಿರಲಿಲ್ಲ. ಆದರೂ ಗಮನಿಸಿ: ರಾತ್ರಿ ಬಾಗಿಲು ತಟ್ಟುವವಳು ಹೆಂಗಸೇ, ಕಾಮಿನಿ ಹೆಂಗಸೇ, ನಾಗವಲ್ಲಿ ಹೆಂಗಸೇ. ಅನ್ಯಾಯವಾಗಿ ಸತ್ತವಳೇ ನಮ್ಮ ಕಥೆಗಳಲ್ಲಿ ಭಯದ ಮೂಲ, ಅನ್ಯಾಯ ಮಾಡಿದವನ ಮುಖ ಬೇಗ ಮರೆತುಹೋಗುತ್ತದೆ. ಜನ್ನ ಇದನ್ನು ತಿರುಗಿಸಿ ಹೇಳಿದ್ದ.

ಅದಕ್ಕೇ ಭಯದ ಕಥೆಯನ್ನು ತೂಗಲು ನಾನು ಇಟ್ಟುಕೊಂಡಿರುವ ತಕ್ಕಡಿ ಇಷ್ಟೇ. ಎಷ್ಟು ಬೆಚ್ಚಿಸಿತು ಎಂಬುದು ಮುಖ್ಯವಲ್ಲ. ಬೆಚ್ಚಿದ ಮೇಲೆ ನಾವು ಯಾರ ಕಡೆ ತಿರುಗಿ ನೋಡುತ್ತೇವೆ? ಬಲಿಗೆ ನಿಂತವಳ ಕಡೆಗೋ, ಬರಲು ಹಿಡಿದವನ ಕಡೆಗೋ? ನಾಯಕಿ ಕಣ್ಣರಳಿಸಿದಾಗ ಕಿರುಚಿ, ವೈದ್ಯ ಮಾತಾಡುವಾಗ ಬೀಡಿ ಸೇದಲು ಎದ್ದುಹೋಗುವ ಪ್ರೇಕ್ಷಕನಿಗೆ ಅರ್ಧ ಕಥೆಯಷ್ಟೇ ಸಿಗುತ್ತದೆ. ಆ ಅರ್ಧವನ್ನೇ ಅವನು ಮನೆಗೆ ಒಯ್ಯುತ್ತಾನೆ.

ಆ ಸೊಸೆಯ ಅಂಗಳದಲ್ಲಿ ಅಂದು ಹತ್ತಾರು ಜನ ನಿಂತಿದ್ದರಂತೆ. ಹೊಡೆಯುವುದು ತಪ್ಪೆಂದು ಅವರಲ್ಲಿ ಕೆಲವರಿಗಾದರೂ ಗೊತ್ತಿತ್ತು. ಯಾರೂ ಮಾತಾಡಲಿಲ್ಲ. ಬೇತಾಳನ ಶರತ್ತು ಕಥೆಯಲ್ಲಷ್ಟೇ ನಡೆಯುತ್ತದೆ. ಅಂಗಳದಲ್ಲಿ ಸುಮ್ಮನೆ ನಿಂತವರ ತಲೆ ಸಿಡಿಯಲಿಲ್ಲ, ಪೆಟ್ಟು ತಿಂದವಳು ಮಾತ್ರ ಅವಳು.