ಎಡೆದೊರೆ ನಾಡಿನ ಜ್ಞಾನದಾಸೋಹ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡು ಬಹು ಪುರಾತನವಾದುದು. ಲಿಂಗಸೂಗೂರು, ಸಿಂಧನೂರು, ಮಸ್ಕಿ ತಾಲೂಕುಗಳು ಈ ನಾಡಿನೊಳಗೇ ಇರುವುವು. ಹಟ್ಟಿಯ ಚಿನ್ನ, ಮಸ್ಕಿಯ ಶಿಲಾಶಾಸನ, ಸಿಂಧನೂರಿನ ಭತ್ತ ಎಂಬ ಮೂರರಿಂದ ಇದರ ಹೆಸರು ದೂರದೂರಕ್ಕೆ ಹಬ್ಬಿರುವುದು. ಈ ಮೂರರ ಚರಿತ್ರೆಯನ್ನು ಒಟ್ಟಿಗಿಟ್ಟು ವಿಚಾರಿಸಿದರೆ ಒಂದು ಸಂಗತಿಯು ಗೋಚರಿಸುತ್ತದೆ: ಹತ್ತು ಮಂದಿಗೆ ಹಂಚಿದ ಅರಿವು ಉಳಿಯುವುದು, ಹಂಚದ ಅರಿವು ಅರಿತವನೊಡನೆಯೇ ಮಣ್ಣುಗೂಡುವುದು.

ಹಟ್ಟಿಯಲ್ಲಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯು ಸ್ಥಾಪಿತವಾಯಿತು. ಆದರೆ ಅದಕ್ಕಿಂತ ಎಷ್ಟೋ ಮೊದಲೇ ಇಲ್ಲಿಯ ಪ್ರಾಚೀನರು 600 ಅಡಿಗೂ ಮಿಕ್ಕಿದ ಆಳಕ್ಕೆ ಇಳಿದು ಚಿನ್ನದ ಅದಿರನ್ನು ತೆಗೆದಿದ್ದರು. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಬಿರಿಯುವಂತೆ ಮಾಡುತ್ತಿದ್ದರು. ಹಳೆಯ ಗಣಿಯಲ್ಲಿ ದೊರೆತ ಮರದ ತುಂಡುಗಳನ್ನು ವಿಜ್ಞಾನಿಗಳು ಪರೀಕ್ಷಿಸಿ, ಅವು ಸುಮಾರು 2000 ವರ್ಷಗಳಷ್ಟು ಹಳೆಯವೆಂದು ಕಂಡುಕೊಂಡರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಪಂಡಿತರಾದ ರೇಮಂಡ್ ಆಲ್ಚಿನ್ನರು 1962ರಲ್ಲಿ ಭಾರತದ ಪ್ರಾಚೀನ ಚಿನ್ನದ ಗಣಿಗಳನ್ನು ಕುರಿತು ಪ್ರಬಂಧವನ್ನು ಬರೆದರು. ಇಷ್ಟು ದೊಡ್ಡ ಕಾಯಕವನ್ನು ಮಾಡಿದವರ ಹೆಸರು ಮಾತ್ರ ಉಳಿದಿಲ್ಲ. ಅವರ ವಿದ್ಯೆಯನ್ನು ಇದ್ದಿಲು ಬೂದಿಗಳಿಂದ ಊಹಿಸಿ ತಿಳಿಯಬೇಕಾಗಿ ಬಂದಿತು.

ಇದಕ್ಕೆ ಎದುರಾಗಿ ಮಸ್ಕಿಯ ಬಂಡೆಯು ನಿಂತಿರುವುದು. ಅದರ ಮೇಲಣ ಅಶೋಕನ ಶಾಸನವನ್ನು 1915ರಲ್ಲಿ ಕಂಡುಹಿಡಿದವರು ಸಿ. ಬೀಡನ್ ಎಂಬ ಗಣಿ ಎಂಜಿನಿಯರರು. ಅದೇ ವರ್ಷ ಅದನ್ನು ಓದಿ ಪ್ರಕಟಿಸಿದವರು ಹೆಚ್. ಕೃಷ್ಣಶಾಸ್ತ್ರಿಗಳು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರು ಇಲ್ಲಿ ದೊರೆತುದರಿಂದ, ಆ ಬಿರುದಿನ ಅರಸನು ಅಶೋಕನೇ ಎಂಬುದು ದೃಢವಾಯಿತು. ಧರ್ಮದ ಫಲವು ಕಿರಿಯನಿಗೂ ದೊರೆಯತಕ್ಕದ್ದು, ಇದನ್ನು ಕಿರಿಯರಿಗೂ ಹಿರಿಯರಿಗೂ ತಿಳಿಸಬೇಕು ಎಂಬುದೇ ಅದರ ತಾತ್ಪರ್ಯವು. ಬಯಲಲ್ಲಿ ಬರೆದಿಟ್ಟ ಮಾತು ಇಪ್ಪತ್ತೆರಡು ಶತಮಾನಗಳನ್ನು ದಾಟಿ ಬಂದಿರುವುದು.

ಈ ವಿಚಾರವು ಒಕ್ಕಲುತನಕ್ಕೂ ಸಲ್ಲುವುದು. ತುಂಗಭದ್ರಾ ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆಯಿಂದ ಸಿಂಧನೂರಿನ ಎರೆಭೂಮಿಯು ಭತ್ತದ ಕಣಜವಾಯಿತು. ಆದರೆ ನೀರಿನೊಡನೆ ಕೇಡೂ ಬಂದಿತು. ಮಿತಿಮೀರಿ ಹಾಯಿಸಿದ ನೀರು ನೆಲದೊಳಗೆ ಏರಿ ನಿಂತು, ಬಿಸಿಲಿಗೆ ಆವಿಯಾಗಿ ಹೋಗುವಾಗ ಉಪ್ಪನ್ನು ಮೇಲ್ಮಣ್ಣಿನಲ್ಲಿ ಉಳಿಸುವುದು. ಹೀಗೆ ಎಷ್ಟೋ ಹೊಲಗಳು ಸವಳು-ಜವಳಿಗೆ ಈಡಾದವು. ಕಾಲುವೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಹೊಲ ಕೆಟ್ಟರೆ, ಕೊನೆಯ ಭಾಗದ ರೈತನು ನೀರಿಲ್ಲದೆ ಬೆಳೆ ಕಳೆದುಕೊಳ್ಳುವನು.

ಈ ಕೇಡಿಗೆ ಪರಿಹಾರವನ್ನು ವಿದ್ವಾಂಸರು ಶೋಧಿಸದೆ ಇರಲಿಲ್ಲ. ಗಂಗಾವತಿಯ ಸಂಶೋಧನ ಕೇಂದ್ರದಲ್ಲಿ, ನೆಲದೊಳಗೆ ರಂಧ್ರವುಳ್ಳ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಹೊರಗೆ ಬಸಿಯುವ ಕ್ರಮವು ಪರೀಕ್ಷಿಸಲ್ಪಟ್ಟಿತು. ಸಸಿಮಡಿಯೂ ನಾಟಿಯೂ ಇಲ್ಲದೆ ಭತ್ತವನ್ನು ಕೂರಿಗೆಯಿಂದ ನೇರವಾಗಿ ಬಿತ್ತಿ ನೀರನ್ನು ಉಳಿಸುವ ಕ್ರಮವೂ ಪ್ರಚಾರಕ್ಕೆ ಬಂದಿತು. 2008ರಲ್ಲಿ ಸ್ಥಾಪಿತವಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಆವರಣದಲ್ಲಿ ಕೃಷಿಮೇಳವನ್ನು ಏರ್ಪಡಿಸುತ್ತ ಬಂದಿರುವುದು. ಅಲ್ಲಿ ಹೊಸ ತಳಿಗಳನ್ನೂ ಯಂತ್ರೋಪಕರಣಗಳನ್ನೂ ಪ್ರಾತ್ಯಕ್ಷಿಕೆಯ ತಾಕುಗಳನ್ನೂ ರೈತರ ಕಣ್ಣೆದುರಿಗೆ ಇಡುವರು. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ದಿನ ತನ್ನ ಪ್ರಯೋಗಶಾಲೆಗಳ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುವ ಪದ್ಧತಿಯನ್ನು ಇಟ್ಟುಕೊಂಡಿರುವುದು.

ಶರಣರ ಮಾರ್ಗವನ್ನು ಬಲ್ಲ ಸದ್ಭಕ್ತರಿಗೆ ಇದು ಹೊಸದಲ್ಲ. 12ನೆಯ ಶತಮಾನದಲ್ಲಿ ಬಸವಾದಿ ಪ್ರಮಥರು ಪಂಡಿತರ ಭಾಷೆಯೊಳಗೆ ಅಡಗಿದ್ದ ತತ್ತ್ವವನ್ನು ಜನರ ಕನ್ನಡಕ್ಕೆ ತಂದರು. ಅಂಬಿಗರ ಚೌಡಯ್ಯನವರೂ ನುಲಿಯ ಚಂದಯ್ಯನವರೂ ಒಕ್ಕಲಿಗ ಮುದ್ದಣ್ಣನವರೂ ತಮ್ಮ ತಮ್ಮ ಕಾಯಕದ ಅನುಭವದಿಂದಲೇ ಮಾತನಾಡಿದರು. ಶರಣರ ಸಭೆಯಲ್ಲಿ ಹೇಳುವುದಕ್ಕಿದ್ದಷ್ಟೇ ಬೆಲೆ ಕೇಳುವುದಕ್ಕೂ ಇದ್ದಿತು. ಮೇಳವೂ ಹಾಗಾದರೇ ಸಾರ್ಥಕವು. ರೈತನು ಬರಿಯ ನೋಟಕನಾಗಿ ಸಂತೆಯಂತೆ ಸುತ್ತಿ ಮರಳಿದರೆ ಪ್ರಯೋಜನವು ಅಲ್ಪವೇ ಸರಿ. ತನ್ನ ಹೊಲದ ಉಪ್ಪನ್ನು, ತನ್ನ ಕಾಲುವೆಯ ಕೊರತೆಯನ್ನು ಅವನು ವಿದ್ವಾಂಸನ ಮುಂದೆ ಇಡಬೇಕು. ವಿದ್ವಾಂಸನು ಅದನ್ನು ಕೇಳಿ ತನ್ನ ಮುಂದಿನ ಶೋಧನೆಗೆ ಮೊದಲು ಮಾಡಬೇಕು.

ಅನ್ನದಾಸೋಹವು ಹಸಿದವನನ್ನು ಅಂದಿಗೆ ತಣಿಸುವುದು. ಜ್ಞಾನದಾಸೋಹವು ಅವನ ಹೊಲವನ್ನು ಮಕ್ಕಳ ಕಾಲಕ್ಕೂ ಉಳಿಸಬಲ್ಲುದು. ಹಟ್ಟಿಯ ಪ್ರಾಚೀನರ ವಿದ್ಯೆಯಂತೆ ಇಂದಿನ ವಿದ್ಯೆಯು ನೆಲದೊಳಗೆ ಉಳಿಯದೆ, ಮಸ್ಕಿಯ ಮಾತಿನಂತೆ ಬಯಲಿಗೆ ಬಂದು ಸಕಲರಿಗೂ ಸಲ್ಲಲಿ.